ಕಿನುಯೊ ಮೂಗು ಮುರಿದ ಪುಡಿ

ಕಿನುಯೊಳ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಹೊರಬಿದ್ದದ್ದನ್ನು ಜಪಾನಿನ ನಿಶಿಯೊ ಊರಿನ ಅವಳ ಬೀದಿಯಲ್ಲಿ ಕೇಳಿದವರಿರಲಿಲ್ಲ. ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಗೆ ಹೋಗಿ, ಮಗುವನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, “ಕಿವಿ ಎರಡೂ ಒಂದೇ ಅಳತೇಲಿವೆ, ಪರ್ವಾಗಿಲ್ಲ” ಎಂದಿದ್ದಳು. ಅತ್ತೆಯ ಸ್ವಭಾವ ಬಲ್ಲ ಸೊಸೆ ಸತೊಮಿ ಅದನ್ನು ದೊಡ್ಡ ಹೊಗಳಿಕೆಯೆಂದೇ ತಿಳಿದು, ತವರಿಗೆ ಫೋನು ಮಾಡಿ ಹೇಳಿಕೊಂಡಿದ್ದಳು.

ಕಿನುಯೊಳದು ಕಡುಬಿನ ಅಂಗಡಿ. ಮಾಚಾ ಎಂಬ ಹಸಿರು ಚಹಾಪುಡಿಯನ್ನು ಹಿಟ್ಟಿಗೆ ಕಲಸಿ, ಒಳಗೆ ಬಿಳಿ ಅವರೆಯ ಸಿಹಿ ಹೂರಣವಿಟ್ಟು, ಹಬೆಯಲ್ಲಿ ಬೇಯಿಸಿದ ಕಡುಬು. ಗಂಡನ ಅಪ್ಪನ ಕಾಲದಿಂದ ಬಂದದ್ದು. ಗಂಡ ತೀರಿಕೊಂಡ ಮೇಲೆ ಒಲೆಯ ಕಡೆ ಇವಳು, ಗಲ್ಲಾದ ಕಡೆ ಸೊಸೆ. ಮಗ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದ. ಅವನಿಗೆ ಕಡುಬೆಂದರೆ ಆಗುತ್ತಿರಲಿಲ್ಲ.

ಚಹಾದ ಊರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಚಹಾದ ಗಂಧಗಾಳಿ ಇರಲಿಲ್ಲ. ತವರು ಕಡಲ ಕಡೆಯ ಇಶ್ಶಿಕಿ, ಅಪ್ಪ ಹಾವುಮೀನಿನ ವ್ಯಾಪಾರಿ. ಮೊದಲ ವಸಂತದಲ್ಲಿ ಅತ್ತೆಯ ಮೆಚ್ಚುಗೆ ಗಳಿಸೋಣವೆಂದು, ಚಹಾಕೂಟಗಳಲ್ಲಿ ದೊಡ್ಡವರು ಕುಡಿಯುವ ದುಬಾರಿ ಪುಡಿಯನ್ನೇ ತಂದು ಹಿಟ್ಟಿಗೆ ಸುರಿದಳು. ಅತ್ತೆ ಒಂದು ಕಡುಬು ತಿಂದು ಬಾಯಿ ಒರೆಸಿಕೊಂಡು, “ಚಂದ ಆಗಿದೆ ಕಣಮ್ಮ. ಇವತ್ತು ಚಹಾ ಹಾಕೋದು ಮರೆತೆಯಾ?” ಎಂದರು. ಆ ನಾಜೂಕು ಪುಡಿಯ ರುಚಿ ಸಕ್ಕರೆಯ ಕೆಳಗೆ, ಹೂರಣದ ಕೆಳಗೆ ಉಸಿರುಕಟ್ಟಿ ಸತ್ತುಹೋಗಿತ್ತು. ಅಂದಿನಿಂದ ಕಿನುಯೊ ದುಬಾರಿ ಎಂಬ ಮಾತು ಕೇಳಿದರೆ ಬೆನ್ನು ತಿರುಗಿಸುತ್ತಿದ್ದಳು. ಅಗ್ಗದ ಪುಡಿಯನ್ನೇ ಕಲಿತಳು.

ಕಲಿತದ್ದು ಮೀನಿನವರ ಮನೆಯ ರೀತಿಯಲ್ಲಿ. ಮೊದಲು ಮೂಸುವುದು. ಪೊಟ್ಟಣ ಬಿಚ್ಚಿದ ತಕ್ಷಣ ಮೂಗಿಟ್ಟು ಒಂದೇ ಉಸಿರು. ಎರಡನೆಯ ಉಸಿರಿಗೆ ಮೂಗು ಸುಳ್ಳು ಹೇಳಲು ಶುರುಮಾಡುತ್ತದೆ ಎಂಬುದು ಅವಳ ನಂಬಿಕೆ. ಆಮೇಲೆ ಬಿಳಿ ಕಾಗದದ ಮೇಲೆ ಚಿಟಿಕೆ ಪುಡಿ ಇಟ್ಟು ಬೆರಳಿನಿಂದ ಒತ್ತಿ ಎಳೆಯುವುದು. ನಯವಾಗಿ ಬೀಸಿದ ಪುಡಿಯಾದರೆ ಗೆರೆ ಕಾಡಿಗೆಯ ಹಾಗೆ ಉದ್ದಕ್ಕೆ ಓಡುತ್ತದೆ. ತರಿಯಾದರೆ ನಡುವೆ ಹರಿದುಹೋಗುತ್ತದೆ. ಬಣ್ಣ ಹಳದಿಗೆ ತಿರುಗಿದ್ದರೆ ಬಿಸಿಲಲ್ಲಿ ಬೆಳೆದ ಎಲೆ, ಇಲ್ಲವೇ ಹೋದ ವರ್ಷದ್ದು. ಕೊನೆಗೆ ಬರೀ ಬಿಸಿನೀರಿನಲ್ಲಿ ಬಿದಿರಿನ ಕಡೆಗೋಲಿನಿಂದ ಕಡೆದು, ಒಂದು ಗುಟುಕು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೂಗು ಮುರಿಯುವುದು. ಅಷ್ಟು ಹೊತ್ತಿಗೆ ಪುಡಿ ತಂದವನು ಅರ್ಧ ಬೆವರಿರುತ್ತಿದ್ದ.

“ಮಾವನವರ ಹಾಸಿಗೆ ಕೆಳಗಿನ ಚಾಪೆ ವಾಸನೆ.”

“ಇದು ಚಹಾನೋ, ಹಸುವಿಗೆ ಇಟ್ಟಿದ್ದೋ?”

“ಬಣ್ಣ ಕಪ್ಪೆಗೆ ಚೆನ್ನಾಗಿ ಒಪ್ಪತ್ತೆ.”

ಇವು ಅವಳ ಸಾಮಾನ್ಯ ತೀರ್ಪುಗಳು. ವ್ಯಾಪಾರಿಗಳು ಬೇರೆ ಅಂಗಡಿಗಳಿಗೆ ತಾವೇ ಹೋಗಿ, ಕಿನುಯೊಳಲ್ಲಿಗೆ ಹೊಸಬರನ್ನು ಕಳಿಸುವುದು ರೂಢಿಯಾಯಿತು. ಎದೆಗಾರಿಕೆ ಬರಲಿ ಎಂದು ಇರಬೇಕು.

ಒಬ್ಬನು ಮಾತ್ರ ತಾನೇ ಬರುತ್ತಿದ್ದ. ಕಮಿಯಾ. ನದಿಯಾಚೆ ಅವನ ಚಹಾ ಗಿರಣಿ. ಮೆಲ್ಲಗೆ ಮಾತಾಡುವ, ಉದ್ದ ಕಾಲಿನ, ಟೋಪಿ ಕೈಯಲ್ಲಿ ಹಿಡಿದೇ ನಿಲ್ಲುವ ಮನುಷ್ಯ. ಹೆಂಡತಿ ಇದ್ದಾಗ ಅವನೂ ಆಳುಗಳ ಕೈಲಿ ಪೊಟ್ಟಣ ಕಳಿಸುತ್ತಿದ್ದವನೇ. ಹೆಂಡತಿ ಹೋದ ಮೇಲಿನ ವಸಂತದಲ್ಲಿ ಒಂದು ಮಧ್ಯಾಹ್ನ ಸೈಕಲ್ಲಿನಲ್ಲಿ ತಾನೇ ಬಂದ. ಅಗ್ಗದ ದರ್ಜೆಯ ಚೀಟಿ ಅಂಟಿಸಿದ ಪೊಟ್ಟಣ ಮುಂದಿಟ್ಟ.

ಕಿನುಯೊ ಮೂಸಿದಳು. ಕಡಲ ಪಾಚಿಯ ಎಳೆ ವಾಸನೆ, ಅದರ ಹಿಂದೆಯೇ ಹಾಲಿನಂಥದ್ದೇನೋ. ಕಾಗದದ ಮೇಲೆ ಎಳೆದಳು. ಗೆರೆ ನಿಲ್ಲಲೇ ಇಲ್ಲ, ಕಾಗದವೇ ಮುಗಿಯಿತು. ಮೇ ತಿಂಗಳ ಮೊದಲ ಕುಯಿಲು, ನೆರಳಲ್ಲಿ ಬೆಳೆದ ಚಿಗುರು, ಕಲ್ಲಿನಲ್ಲಿ ಬೀಸಿದ್ದು. ಅಗ್ಗದ ಚೀಟಿ ಅದಕ್ಕೆ ರೇಷ್ಮೆ ಸೀರೆಗೆ ಗೋಣಿಚೀಲ ಸುತ್ತಿದ ಹಾಗಿತ್ತು. ಮೂಸಿದ ಗಳಿಗೆಯಲ್ಲೇ ಅವಳಿಗೆ ಎಲ್ಲ ಗೊತ್ತಾಯಿತು. ಚೀಟಿ ತಪ್ಪಿ ಅಂಟಿಸಿದ್ದಾನೋ, ಹೆಂಡತಿ ಹೋದ ದುಃಖದಲ್ಲಿ ತಲೆ ಕೆಟ್ಟಿದೆಯೋ ಎಂದು ಅವನ ಮುಖ ನೋಡಿದಳು. ಕಮಿಯಾ ಕಿವಿಯವರೆಗೆ ಕೆಂಪಾಗಿ ಟೋಪಿಯ ಅಂಚನ್ನು ಸುತ್ತುತ್ತಿದ್ದ.

“ಬಲ ಇಲ್ಲ ಇದಕ್ಕೆ,” ಎಂದಳು ಕಿನುಯೊ.

“ಹೌದಾ? ಹಾಗಾದ್ರೆ ಮುಂದಿನ ಸಲ ಬೇರೆ ತರ್ತೀನಿ.”

“ತನ್ನಿ. ಈಗ ತಂದಿದ್ದೀರಲ್ಲ, ಇಟ್ಟು ಹೋಗಿ. ಹೊತ್ಕೊಂಡು ಹೋಗೋಕೆ ನಿಮಗೆ ಯಾಕೆ ಕಷ್ಟ.”

ಬಲ ಇಲ್ಲ ಎಂದದ್ದು ಸುಳ್ಳಲ್ಲ. ಕಡುಬಿಗೆ ಅದು ಸಾಲುತ್ತಿರಲಿಲ್ಲ, ರುಚಿ ಮೇಲೇಳಬೇಕಾದರೆ ಒಂದು ಚಮಚದ ಜಾಗದಲ್ಲಿ ಎರಡು ಹಾಕಬೇಕಾಗುತ್ತಿತ್ತು. ಅವಳು ಹಾಕಿದಳು ಕೂಡ. ಕಿನುಯೊಳ ಕಡುಬಿಗೆ ನಿಜವಾದ ರುಚಿ ಬಂದದ್ದೇ ಆ ವರ್ಷ ಎಂದು ಊರು ಹೇಳತೊಡಗಿತು. ಒಂದಿಷ್ಟು ಪುಡಿಯನ್ನು ಅವಳು ಬೇರೆ ಡಬ್ಬಿಗೆ ಸುರಿದು, ಅಂಗಡಿ ಮುಚ್ಚಿದ ಮೇಲೆ ತಾನೊಬ್ಬಳೇ ಕಡೆದು ಕುಡಿಯುತ್ತಿದ್ದಳು. ಆಗಲೂ ಮುಖ ಗಂಟಿಕ್ಕಿಕೊಂಡೇ ಕುಡಿಯುತ್ತಿದ್ದಳು, ಯಾರಾದರೂ ನೋಡಿಯಾರೆಂದು.

ಹೊಗಳಿದರೆ ಅವನು ಬರುವುದನ್ನು ನಿಲ್ಲಿಸುತ್ತಾನೆ ಎಂಬ ಯೋಚನೆ ಅವಳಿಗೆ ಆಗಲೇ ಇತ್ತೋ, ಆಮೇಲೆ ಬಂತೋ, ಅವಳೇ ಹೇಳಲಾರಳು. ಅಂತೂ ಕಮಿಯಾ ಬರುತ್ತಲೇ ಹೋದ. ಹೊಸ ಪೊಟ್ಟಣ ತರುವುದು, ಇವಳು ಬಯ್ಯುವುದು, ಅವನು ತಲೆ ಬಾಗಿಸುವುದು, ಬೆಂಚಿನ ಮೇಲೆ ಕೂತು ಬಿಸಿ ಕಡುಬು ಒಂದನ್ನು ತಿನ್ನುವುದು. ಒಮ್ಮೆ ಅವನು ಜ್ವರ ಬಂದು ಒಂದು ತಿಂಗಳು ಬರದಿದ್ದಾಗ ಕಿನುಯೊ ದಿನಕ್ಕೆ ನಾಲ್ಕು ಸಲ ಹೊಸಿಲು ಗುಡಿಸಿದಳು.

“ಅತ್ತೆ, ಹೊಸಿಲು ಸವೆದು ಹೋಗತ್ತೆ,” ಎಂದಳು ಸತೊಮಿ.

“ಧೂಳು.”

“ಧೂಳು ನದಿ ಆಚೆಯಿಂದ ಬರೋದಲ್ವಾ? ಈ ತಿಂಗಳು ಅದಕ್ಕೂ ಜ್ವರ ಅಂತೆ.”

ಕಿನುಯೊ ಪೊರಕೆಯನ್ನು ಸೊಸೆಯ ಕೈಗೆ ಕೊಟ್ಟು ಒಳಗೆ ಹೋದಳು.

ಹೀಗೆ ಸುಖವಾಗಿ ಬಯ್ದುಕೊಂಡು ವರ್ಷಗಳು ಹೋಗುತ್ತಿರುವಾಗ ಪ್ರಪಂಚಕ್ಕೆಲ್ಲ ಒಮ್ಮೆಲೇ ಹಸಿರು ಪುಡಿಯ ಹುಚ್ಚು ಹಿಡಿಯಿತು. ಯಾವ ಯಾವ ದೇಶದವರೋ ಅದನ್ನು ಹಾಲಿಗೆ ಹಾಕಿ, ಮಂಜುಗಡ್ಡೆ ಹಾಕಿ, ಸ್ಟ್ರಾ ಹಾಕಿ ಹೀರತೊಡಗಿದರು. ಊರಿನ ಅಂಗಡಿಗಳಲ್ಲಿ ಡಬ್ಬಿಗಳು ಬೆಳಗಾಗುವುದರೊಳಗೆ ಖಾಲಿ. ಅಗ್ಗದ ಪುಡಿಯೆಂಬುದೇ ಕಣ್ಣಿಗೆ ಬೀಳದಾಯಿತು. ಒಂದು ಮಧ್ಯಾಹ್ನ ಕಮಿಯಾ ಬಂದ, ಕೈಯಲ್ಲಿ ಪೊಟ್ಟಣವಿರಲಿಲ್ಲ.

“ಕಿನುಯೊ ಅವ್ರೇ, ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಹಳೇ ದರಕ್ಕೆ ಇನ್ನು ಮೇಲೆ ಆಗಲ್ಲ. ತೋಟದವರೇ ಏರಿಸಿಬಿಟ್ಟಿದಾರೆ. ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿಲ್ಲ.”

ಅವನು ಇಷ್ಟು ದಿನ ಏನನ್ನು ತಡೆದುಕೊಂಡಿದ್ದ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ದಿಗಿಲಾಯಿತು. ಪೊಟ್ಟಣ ಬರದಿದ್ದರೆ ಅದನ್ನು ತರುವವನು ಯಾಕೆ ಬಂದಾನು? ಹೆದರಿದಾಗ ಬಯ್ಯುವುದು ಅವಳ ಅಭ್ಯಾಸ.

“ಓಹೋ. ಪರದೇಶದವರು ಕುಡಿಯೋಕೆ ಶುರು ಮಾಡಿದ್ದೇ, ನಿಮ್ಮ ಬೀಸೋ ಕಲ್ಲಿಗೂ ಕೊಂಬು ಬಂತಾ? ಅಷ್ಟಕ್ಕೂ ನೀವು ತರ್ತಿದ್ದಿದ್ದು ಏನು ಮಹಾ? ಬಲ ಇಲ್ಲದ ಪುಡಿ. ನಾನಾಗಿದ್ದಕ್ಕೆ ಇಷ್ಟು ವರ್ಷ ಸಹಿಸ್ಕೊಂಡೆ.”

ಕಮಿಯಾ ಟೋಪಿಯನ್ನು ತಲೆಗೆ ಹಾಕಿಕೊಂಡ. ಅವಳೆದುರಿಗೆ ಹಾಗೆ ಹಾಕಿಕೊಂಡದ್ದು ಅದೇ ಮೊದಲು. “ಹಾಗಾದ್ರೆ ನಿಮಗೆ ತೊಂದರೆ ಕೊಟ್ಟ ಹಾಗಾಯ್ತು ಇಷ್ಟು ವರ್ಷ,” ಎಂದು ಹೇಳಿ ಸೈಕಲ್ಲು ಹತ್ತಿದ. ಕಡುಬು ತಿನ್ನಲಿಲ್ಲ. ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ.

ಹೊಸಿಲು ಗುಡಿಸಲು ಈಗ ಕಿನುಯೊಳಿಗೆ ಮುಖವಿರಲಿಲ್ಲ. ಡಬ್ಬಿಯ ತಳ ಕಾಣುವ ಹೊತ್ತಿಗೆ ನಗೊಯಾ ಪಟ್ಟಣದಿಂದ ಉನೊ ಎಂಬ ಹುರುಪಿನ ಮಾರಾಟಗಾರ ಬಂದ. ಹೊಳೆಯುವ ಬೂಟು, ಹೊಳೆಯುವ ಹಲ್ಲು, ಅದಕ್ಕಿಂತ ಹೊಳೆಯುವ ಪುಡಿ.

“ಅಮ್ಮಾ, ಬಣ್ಣ ನೋಡಿ. ಈ ದರಕ್ಕೆ ಈ ಬಣ್ಣ ಜಪಾನಲ್ಲೇ ಸಿಗಲ್ಲ,” ಎಂದ. ಏನೇನೋ ಇನ್ನೂ ಹೇಳಿದ. ಕಿನುಯೊ ಕೇಳಿಸಿಕೊಳ್ಳಲಿಲ್ಲ, ಮೂಸುತ್ತಿದ್ದಳು. ವಾಸನೆ ಇತ್ತೋ ಇಲ್ಲವೋ ಎನ್ನುವಷ್ಟು. ಕಾಗದದ ಮೇಲೆ ಎಳೆದರೆ ಗೆರೆ ಎರಡು ಕಡೆ ಹರಿಯಿತು. ಬೇರೆ ದಿನವಾಗಿದ್ದರೆ ಉನೊ ತನ್ನ ಹೊಳೆಯುವ ಬೂಟಿನೊಂದಿಗೆ ಬೀದಿಯಲ್ಲಿರುತ್ತಿದ್ದ. ಆದರೆ ನದಿಯಾಚೆಯವನ ಹಂಗಿಲ್ಲದೆಯೂ ಅಂಗಡಿ ನಡೆಯುತ್ತದೆ ಎಂದು ಯಾರಿಗೋ ತೋರಿಸಬೇಕಾಗಿತ್ತು. ಆ ಯಾರೋ ನೋಡುತ್ತಿರಲಿಲ್ಲ ಎಂಬುದು ಬೇರೆ ಮಾತು.

“ಇಟ್ಟು ಹೋಗಿ,” ಎಂದಳು.

ಮರುದಿನ ಹಬೆಯ ಪಾತ್ರೆಯ ಮುಚ್ಚಳ ತೆಗೆದಾಗ ಅತ್ತೆ ಸೊಸೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು. ಚಹಾ ಬೆರೆತ ಕಡುಬು ಬೆಂದ ಮೇಲೆ ಮಂಕಾಗುತ್ತದೆ, ಒಣಗಿದ ಎಲೆಯ ಬಣ್ಣಕ್ಕೆ ಇಳಿಯುತ್ತದೆ. ಹುಟ್ಟಿದಂದಿನಿಂದ ಆ ಊರಿನವರು ನೋಡಿದ್ದು ಅದನ್ನೇ. ಇವು ಗಿಳಿಮರಿಗಳ ಹಾಗೆ ಕೂತಿದ್ದವು. ಹೈಸ್ಕೂಲಿನ ಹುಡುಗಿಯರು ಗುಂಪುಗುಂಪಾಗಿ ಬಂದು ಕಡುಬನ್ನು ಕೆನ್ನೆಯ ಪಕ್ಕ ಹಿಡಿದು ಫೋಟೋ ತೆಗೆದುಕೊಂಡರು. ಮಧ್ಯಾಹ್ನದೊಳಗೆ ಎಲ್ಲ ಖರ್ಚಾಯಿತು. ಸತೊಮಿಗೆ ಖುಷಿಯೋ ಖುಷಿ.

ಕಿನುಯೊ ಮಾತ್ರ ಒಲೆಯ ಹತ್ತಿರ ಕೂತು ಒಂದನ್ನು ಮುರಿದು ತಿಂದಳು. ಇನ್ನೊಂದನ್ನು ಮುರಿದಳು. ಸಿಹಿ ಇತ್ತು, ಹೂರಣ ಇತ್ತು, ಹಸಿರು ಕಣ್ಣಿಗೆ ರಾಚುತ್ತಿತ್ತು. ಚಹಾ ಎಲ್ಲಿ?

ವಾರ ಕಳೆದ ಮೇಲೆ ದೇವಾಲಯದ ಅರ್ಚಕರ ಹೆಂಡತಿ ಬಂದರು. ಬಲು ಮರ್ಯಾದೆಯ ಹೆಂಗಸು, ನೋವಾಗುವಂಥ ಮಾತು ಆಡಿದವರಲ್ಲ. “ಕಿನುಯೊ ಅವ್ರೇ, ಈಚೆಗೆ ಪಾಲಕ್ ಸೊಪ್ಪಿನ ಕಡುಬು ಶುರು ಮಾಡಿದೀರಂತೆ, ಮಕ್ಕಳಿಗೆ ಒಳ್ಳೇದು,” ಎಂದು ಹೇಳಿ ನಕ್ಕು ಹೋದರು. ಕಿನುಯೊ ಅಂದು ಊಟ ಮಾಡಲಿಲ್ಲ.

ಉನೊ ಮತ್ತೆ ಬಂದಾಗ ಅವನನ್ನು ಬೆಂಚಿನ ಮೇಲೆ ಕೂರಿಸಿ ಎದುರಿಗೆ ನಿಂತಳು.

“ಏನಿದೆ ನಿಮ್ಮ ಪುಡೀಲಿ? ನಿಜ ಹೇಳಿ.”

ಉನೊ ಒಂದಿಷ್ಟೂ ಅಳುಕಲಿಲ್ಲ. “ಚಹಾ ಇದೆ, ಜೊತೆಗೆ ಕೆರೆ ಪಾಚಿ ಪುಡಿ ಬೆರೆಸಿದೀವಿ ಅಮ್ಮಾ. ಬೆಂದ್ರೂ ಬಣ್ಣ ಹೋಗಲ್ಲ ಅಂತ ಬೇಕರಿಯವರು ಕೇಳಿ ತಗೋತಾರೆ. ಅವತ್ತೇ ಹೇಳಿದ್ನಲ್ಲ? ನೀವು ಮೂಸೋದ್ರಲ್ಲಿದ್ರಿ. ಆಮೇಲೆ ಸೊಸೆಯವ್ರಿಗೂ ಹೇಳ್ದೆ.”

ಕಿನುಯೊ ನಿಧಾನವಾಗಿ ಗಲ್ಲಾದ ಕಡೆ ತಿರುಗಿದಳು.

“ನಿಮಗೆ ಗೊತ್ತಿದ್ದೇ ಇರತ್ತೆ ಅಂದ್ಕೊಂಡೆ ಅತ್ತೆ,” ಎಂದಳು ಸತೊಮಿ. “ನಿಮಗೆ ಗೊತ್ತಾಗದ ಪುಡಿ ಇದ್ಯಾ?”

ಅದು ಚುಚ್ಚುಮಾತೋ ಭಕ್ತಿಯೋ ಕಿನುಯೊಳಿಗೆ ತಿಳಿಯಲಿಲ್ಲ. ಉನೊನ ಮೇಲೆ ಸಿಟ್ಟು ಮಾಡೋಣವೆಂದರೆ ಅವನು ಸುಳ್ಳು ಹೇಳಿರಲಿಲ್ಲ. ಬಣ್ಣ ಬೇಕಾದವರಿಗೆ ಬಣ್ಣ ಮಾರುತ್ತಿದ್ದ. ಸುಳ್ಳು ಹೇಳಿದ್ದು ತನ್ನ ಮೂಗಿಗೆ ತಾನೇ. ಅವನಿಗೆ ಒಂದು ಪೊಟ್ಟಣ ಕಡುಬು ಕಟ್ಟಿಕೊಟ್ಟು, “ಇನ್ನು ಬರಬೇಡಿ, ಬಂದ್ರೆ ಕಡುಬಿಗೆ ಬನ್ನಿ,” ಎಂದು ಕಳಿಸಿದಳು. ಉಳಿದ ಪುಡಿಯನ್ನು ಮೊಮ್ಮಗಳು ಚಿತ್ರಕ್ಕೆ ಬಣ್ಣ ಮಾಡಿಕೊಂಡಳು. ಅದರಲ್ಲಿ ಬಿಡಿಸಿದ ಬೆಟ್ಟ ಈಗಲೂ ಹಸಿರಾಗಿದೆಯಂತೆ.

ಮರುದಿನ ಅಂಗಡಿಗೆ ರಜೆಯ ಹಲಗೆ ತೂಗುಹಾಕಿ, ಕಿನುಯೊ ಒಳ್ಳೆಯ ಕೋಟು ಹಾಕಿಕೊಂಡು ಸೈಕಲ್ಲು ಹೊರತೆಗೆದಳು.

“ಎಲ್ಲಿಗೆ ಅತ್ತೆ?”

“ಹಲ್ಲು ನೋವು. ಡಾಕ್ಟ್ರ ಹತ್ರ.”

“ಹಲ್ಲಿನ ಡಾಕ್ಟ್ರು ಈ ಕಡೆ ದಡದಲ್ಲೇ ಇದಾರೆ. ಸೇತುವೆ ಮೇಲೆ ಗಾಳಿ ಜಾಸ್ತಿ, ಮಫ್ಲರ್ ಹಾಕ್ಕೊಳ್ಳಿ,” ಎಂದಳು ಸತೊಮಿ, ತಲೆಯೆತ್ತದೆ.

ಕಮಿಯಾ ಗಿರಣಿಯ ಬಾಗಿಲಲ್ಲೇ ಕಲ್ಲಿನ ಹಲ್ಲು ಕೊರೆಯುತ್ತ ಕೂತಿದ್ದ. ಬೀಸಿ ಬೀಸಿ ಸವೆದ ಗೀರುಗಳನ್ನು ಉಳಿಯಿಂದ ಮತ್ತೆ ಆಳ ಮಾಡುವ ಕೆಲಸ. ಮುಖ, ಹುಬ್ಬು, ಕಿವಿಯ ಕೂದಲು ಎಲ್ಲ ಪುಡಿ ಹತ್ತಿ ಹಸಿರು. ಕಿನುಯೊಳನ್ನು ಕಂಡು ಎದ್ದು ನಿಂತ. ಟೋಪಿ ಇಲ್ಲದ್ದರಿಂದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಉಳಿಯನ್ನೇ ಸುತ್ತತೊಡಗಿದ.

“ಪುಡಿ ಬೇಕು,” ಎಂದಳು. “ಕಡುಬಿಗೆ. ಇರೋದನ್ನೆಲ್ಲ ತೋರಿಸಿ. ಚೀಟಿ ನನಗೆ ಬೇಡ.”

ಅವನು ಒಳಗೆ ಹೋಗಿ ಮೂರು ಬಟ್ಟಲುಗಳಲ್ಲಿ ಕಡೆದು ತಂದ. ಮೊದಲನೆಯದನ್ನು ಅವಳು ಬಾಯಿಗಿಟ್ಟ ತಕ್ಷಣ ಗುರುತಿಸಿದಳು; ಅದು ಸಂಜೆಯ ಡಬ್ಬಿಯದು. ಕೆಳಗಿಟ್ಟಳು. ಎರಡನೆಯದು ಅಲ್ಲೂ ಇಲ್ಲ ಇಲ್ಲೂ ಇಲ್ಲ. ಮೂರನೆಯದು ಕಹಿ, ಒರಟು, ನೊರೆ ದಪ್ಪ, ತಳದಲ್ಲಿ ತರಿ. ವಾಸನೆ ಮಾತ್ರ ಗಟ್ಟಿಯಾಗಿ, ಬೆವರಿದ ತೋಟದ ಹಾಗೆ, ನೇರವಾಗಿ ಮೂಗಿಗೆ ಬಂತು. ಸಕ್ಕರೆಯ ಜೊತೆ ಜಗಳಕ್ಕೆ ನಿಂತು ಗೆಲ್ಲುವಂಥದ್ದು.

“ಇದು.”

“ಅದಾ?” ಕಮಿಯಾ ಗಾಬರಿಯಾದ. “ಅದು ಅಕ್ಟೋಬರ್ ಕುಯಿಲು, ಬಲಿತ ಎಲೆ. ಮಷಿನ್ನಲ್ಲಿ ಬೀಸಿದ್ದು. ಐಸ್‌ಕ್ರೀಮ್‌ನವರು ತಗೊಂಡು ಹೋಗ್ತಾರೆ. ನಮ್ಮಲ್ಲಿ ಇದಕ್ಕಿಂತ ಕಡಿಮೆ ದರದ್ದು ಇಲ್ಲ. ಇದನ್ನ ನಿಮ್ಮ ಮುಂದೆ ಇಡೋಕೆ ನನಗೆ ಧೈರ್ಯ ಇರ್ಲಿಲ್ಲ.”

“ಇದೇ ಬೇಕಾಗಿದ್ದಿದ್ದು. ಮೊದಲನೇ ವರ್ಷದಿಂದ. ಬಲ ಇಲ್ಲ, ಬಲ ಇಲ್ಲ ಅಂತ ನಾನು ಬಡ್ಕೊಂಡಷ್ಟೂ ನೀವು ಇನ್ನೂ ಎಳೇ ಚಿಗುರು ತರ್ತಿದ್ರಿ.”

“ನಿಮಗೆ ರುಚಿಸ್ತಿಲ್ಲ ಅಂತ...” ಅವನು ತೊದಲಿದ. “ಇನ್ನೂ ಒಳ್ಳೇದು ತಂದ್ರೆ ಒಪ್ತೀರಿ ಅಂದ್ಕೊಂಡೆ. ಅಗ್ಗದ್ದು ಅಂತ ಬರೆದ್ರೇನೆ ನೀವು ತಗೊಳ್ಳೋದು. ಅದಕ್ಕೇ ಚೀಟಿ... ನಿಮಗೆ ಗೊತ್ತಾಗಿತ್ತಾ?”

“ಮೊದಲನೇ ದಿನಾನೇ.”

“ಗೊತ್ತಿದ್ದೂ ಬಯ್ತಿದ್ರಾ?”

“ಕಡುಬಿಗೆ ಆಗ್ತಿರ್ಲಿಲ್ಲ, ಬಯ್ದೆ.” ಕಿನುಯೊ ಮೊದಲನೆಯ ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡಳು. ಅದರೊಳಗೇ ನೋಡುತ್ತ ಹೇಳಿದಳು, “ಕುಡಿಯೋಕೆ ಆಗ್ತಿತ್ತು. ದಿನಾ ಸಂಜೆ ಕುಡೀತಿದ್ದೆ. ಈಗ ಡಬ್ಬಿ ಖಾಲಿಯಾಗಿದೆ. ಬರೀ ಬಿಸಿನೀರು ಕುಡೀತಿದೀನಿ.”

ಇದಕ್ಕಿಂತ ಹೆಚ್ಚು ಹೇಳುವುದು ಅವಳ ನಾಲಿಗೆಗೆ ಸಾಧ್ಯವಿರಲಿಲ್ಲ. ಕಮಿಯಾನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಕಿನುಯೊ ಹೆದರಿದಳು. ನಗುತ್ತಿದ್ದ. ಹಸಿರು ಹುಬ್ಬಿನಿಂದ ಪುಡಿ ಉದುರುವ ಹಾಗೆ ನಕ್ಕ.

“ನಗೋದಕ್ಕೇನಿದೆ ಇದರಲ್ಲಿ?”

“ಏನಿಲ್ಲ. ನನ್ನ ಲೆಕ್ಕದಲ್ಲಿ ನಾನು ಭಾರಿ ಬುದ್ಧಿವಂತ ಆಗಿದ್ದೆ.”

ಬಟ್ಟಲು ಖಾಲಿ ಮಾಡುತ್ತಲೇ ಅವಳಿಗೆ ಕಲ್ಲಿನ ಮಾತು ನೆನಪಾಯಿತು. “ಅವತ್ತು ಕೊಂಬು ಅಂದೆನಲ್ಲ,” ಎಂದು ಶುರುಮಾಡಿದಳು. ಅವನು ಕೈಯಾಡಿಸಿ, “ಕಲ್ಲಿಗೆ ಕಿವಿ ಇಲ್ಲ, ಬಿಡಿ” ಎಂದ. ಅಷ್ಟಕ್ಕೆ ಮುಗಿಯಿತು.

ಅಂದಿನಿಂದ ಕಡುಬಿಗೆ ಅಕ್ಟೋಬರಿನ ಒರಟು ಪುಡಿ, ಅದರ ನ್ಯಾಯವಾದ ದರಕ್ಕೆ, ಸರಿಯಾದ ಚೀಟಿಯೊಂದಿಗೆ ಬರತೊಡಗಿತು. ಕಡುಬು ಮತ್ತೆ ಒಣಗಿದ ಎಲೆಯ ಬಣ್ಣಕ್ಕಿಳಿಯಿತು. ಹೈಸ್ಕೂಲಿನ ಹುಡುಗಿಯರು ಮುಖ ಸೊಟ್ಟಗೆ ಮಾಡಿದರು. ಅರ್ಚಕರ ಹೆಂಡತಿ ಎರಡು ಪೊಟ್ಟಣ ಕೊಂಡರು. ಚಿಗುರಿನ ಪುಡಿಯನ್ನು ಕಮಿಯಾ ಮಾರಲು ತರುವುದನ್ನು ಬಿಟ್ಟ. ಜೇಬಿನಲ್ಲಿ ಒಂದು ಹೊತ್ತಿಗಾಗುವಷ್ಟು ತಂದು, ತಾನೂ ಕೂತು ಕುಡಿದು ಹೋಗುತ್ತಿದ್ದ. ಕಿನುಯೊ ಬಯ್ಯುವುದನ್ನು ಬಿಡಲಿಲ್ಲ. ಈಗ ನೀರು ಹೆಚ್ಚು ಬಿಸಿಯಾಯಿತು, ಕಡೆದದ್ದು ಸಾಲದು ಎಂದು ಶುರುವಾಯಿತು.

ಆಮೇಲಿನ ಚಳಿಗಾಲದಲ್ಲಿ ಊರಿನ ಸಮುದಾಯ ಭವನದವರು, ದರ ಏರಿದ ಈ ದಿನಗಳಲ್ಲಿ ಅಗ್ಗದ ಪುಡಿಯನ್ನು ಆರಿಸುವುದು ಹೇಗೆಂದು ಗೃಹಿಣಿಯರಿಗೆ ಹೇಳಿಕೊಡಿರೆಂದು ಇಬ್ಬರನ್ನೂ ಕರೆದರು. ಮೇಜಿನ ಮೇಲೆ ಬಟ್ಟಲುಗಳ ಸಾಲು. ಕಮಿಯಾ ಬಣ್ಣದಿಂದ ಶುರುಮಾಡಿದ. ಕಿನುಯೊ ಅವನ ಕೈಯಿಂದ ಪೊಟ್ಟಣ ಕಿತ್ತುಕೊಂಡು, “ಮೊದಲು ಮೂಗು” ಎಂದಳು. “ಪುಡಿ ಒಳ್ಳೇದಾ ಅಂತ ಕೇಳಬೇಡಿ, ಏತಕ್ಕೆ ಒಳ್ಳೇದು ಅಂತ ಕೇಳಿ. ಹಾಲಿಗೆ ಹಾಕೋರು, ಹಿಟ್ಟಿಗೆ ಹಾಕೋರು ಕಹಿ ಇರೋದು ತಗೊಳ್ಳಿ. ಬರೀ ನೀರಲ್ಲಿ ಕುಡಿಯೋರು ಒಂದು ಹೊತ್ತು ಕಡಿಮೆ ಕುಡಿದು ಒಳ್ಳೇದು ತಗೊಳ್ಳಿ. ತುಂಬಾ ಹಸಿರಾಗಿದ್ದು ತುಂಬಾ ಅಗ್ಗ ಇದ್ರೆ, ಕೊಡೋನು ಏನು ಹೇಳ್ತಿದಾನೆ ಅಂತ ಕಿವಿ ಕೊಟ್ಟು ಕೇಳಿ.” ಹಿಂದಿನ ಸಾಲಿನಲ್ಲಿ ಸತೊಮಿ ಜೋರಾಗಿ ಕೆಮ್ಮಿದಳು.

ಗೆರೆ ಎಷ್ಟು ಉದ್ದ ಓಡಬೇಕೆಂಬ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿ, ಹೆಂಗಸರು ಪುಡಿ ಬಿಟ್ಟು ಇವರನ್ನೇ ನೋಡತೊಡಗಿದರು. ಊರಿಗೆ ಹೊಸದಾಗಿ ಬಂದಿದ್ದ ಒಬ್ಬಳು ಮೆಲ್ಲಗೆ, “ನೀವು ಗಂಡ ಹೆಂಡ್ತೀನಾ?” ಎಂದು ಕೇಳಿದಳು.

“ಅವರು ಇನ್ನೂ ಮೂಸಿ ನೋಡ್ತಿದಾರೆ,” ಎಂದ ಕಮಿಯಾ.

ಭವನ ನಗೆಯಿಂದ ತುಂಬಿಹೋಯಿತು. ಕಿನುಯೊ ಅಷ್ಟರಲ್ಲಿ ಬೆನ್ನು ತಿರುಗಿಸಿ ಕೆಟಲಿನ ನೀರು ಕುದಿಯಿತೇ ಎಂದು ನೋಡುತ್ತಿದ್ದಳು. ಕತ್ತಿನ ಹಿಂಭಾಗ ಮಾತ್ರ ಕೆಂಪಗಿತ್ತು ಎಂದು ಮುಂದಿನ ಸಾಲಿನವರು ಹೇಳುತ್ತಾರೆ. ಮುಂದಿನ ವಸಂತದಲ್ಲಿ ಮದುವೆಯೇನೂ ಆಗಲಿಲ್ಲ. ಯಾರ ಮನೆಗೆ ಯಾರು ಬರಬೇಕೆಂಬ ಚರ್ಚೆ ಇನ್ನೂ ನಡೆದಿದೆ. ಗಿರಣಿಯ ಸದ್ದಿನಲ್ಲಿ ತನಗೆ ನಿದ್ದೆ ಬರುವುದಿಲ್ಲ ಎಂದು ಅವಳು, ಹೂರಣದ ವಾಸನೆಯಲ್ಲಿ ತನಗೆ ಚಹಾದ ವಾಸನೆ ತಿಳಿಯುವುದಿಲ್ಲ ಎಂದು ಅವನು. ಗುರುವಾರ ಅಂಗಡಿಗೆ ರಜೆ. ಅಂದು ಇಬ್ಬರೂ ರೈಲು ಹಿಡಿದು ಕಡಲ ಕಡೆ ಹೋಗಿ ಕೆಂಡದ ಮೇಲೆ ಸುಟ್ಟ ಹಾವುಮೀನು ತಿಂದು ಬರುತ್ತಾರೆ. ಮೀನು ತಾಜಾ ಹೌದೋ ಅಲ್ಲವೋ ಎಂಬುದನ್ನು ಕಿನುಯೊಳೇ ಹೇಳಬೇಕು. ಆ ವಿಷಯದಲ್ಲಿ ಕಮಿಯಾ ಎದುರು ಮಾತಾಡುವುದಿಲ್ಲ.